ಸೀನುವ ಕಾರಿಗೆ ಒಂದು ಲವಂಗ

ಕಾಶಿನಾಥನ ಕಾರಿಗೆ ಸೀನುವ ಚಟವೊಂದನ್ನು ಬಿಟ್ಟರೆ ಬೇರೆ ಯಾವ ದುರ್ಗುಣವೂ ಇರಲಿಲ್ಲ. ಆ ಚಟವನ್ನೂ ಅದಕ್ಕೆ ಕಲಿಸಿದವನು ಅವನೇ.

ಮೊರಬದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಟರ್ಬೋ ಕಾರಿನ ಹುಚ್ಚು. ಎಂಟು ವರ್ಷ ಹಳೆಯದೊಂದನ್ನು ಹುಬ್ಬಳ್ಳಿಯಿಂದ ತಂದಿದ್ದ. ಭಾನುವಾರ ಬಂತೆಂದರೆ ಅದರ ಕೆಳಗೇ ವಾಸ. ಹೆಂಡತಿ ರೋಹಿಣಿ ಊಟಕ್ಕೆ ಕರೆದರೆ ಕಾರಿನಡಿಯಿಂದ ಎರಡು ಪಾದಗಳು ಮಾತ್ರ “ಬಂದೆ” ಎನ್ನುತ್ತಿದ್ದವು. ಉಪ್ಪಿನಕಾಯಿ ಭರಣಿ ಇಡುವ ಗೂಡಿನಲ್ಲಿ ಎಂಜಿನ್ ಆಯಿಲ್ ಡಬ್ಬಿ ಬಂದು ಕೂತಿತ್ತು. (ಭರಣಿ ದೇವರ ಕೋಣೆಗೆ ಹೋಗಿತ್ತು. ದೇವರು ಏನೂ ಅನ್ನಲಿಲ್ಲ, ರೋಹಿಣಿ ಅಂದಳು.)

ಮನೆಯಲ್ಲಿ ಕಾರಿನ ಪರ ಇದ್ದವಳು ತಂಗಿ ಐಶ್ವರ್ಯ ಒಬ್ಬಳೇ. ಕೇಳುವ ಮೊದಲೇ ಬೋಲ್ಟು ತಿರುಗಿಸುವ ಹತ್ತರ ಪಾನಾ ಕೈಗಿಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಕಾಶಿನಾಥನೇ ಅವಳಿಗೆ ಅಪ್ಪನ ಸ್ಥಾನದಲ್ಲಿದ್ದ. ಆ ತಂಗಿಗೆ ಕುಬಿಹಾಳದ ಗೌರೀಶ ಮನಸ್ಸಿಗೆ ಬಂದಿದ್ದ. ಹುಡುಗನ ಕಡೆಯವರು ಬಂದು ನೋಡಿ ಒಪ್ಪಿ ಹೋಗಿದ್ದರು. ಇನ್ನು ಇವರು ಹೋಗಿ ಹುಡುಗನ ಮನೆ ನೋಡಿ ಬಂದರೆ ಮಾತು ಮುಗಿದಂತೆ.

“ಶುಕ್ರವಾರ ಹತ್ತೂವರಿ ಒಳಗ ಬರ್ರಿ. ಆಮ್ಯಾಲ ರಾಹುಕಾಲ. ನಮ್ಮ ಆಯಿ ಕೇಳೂದಿಲ್ಲ” ಎಂದು ಅಲ್ಲಿಂದ ಫೋನು ಬಂದಿತ್ತು. ಹುಡುಗನ ಅಜ್ಜಿ ದುರ್ಗವ್ವನ ಮಾತೇ ಆ ಮನೆಯಲ್ಲಿ ಕೊನೆಯ ಮಾತು. ತಡವಾಗಿ ಬಂದರೆಂದು ಹಿಂದೆ ಒಂದು ಸಂಬಂಧವನ್ನೇ ಆಕೆ ಬಾಗಿಲಿನಿಂದ ವಾಪಸು ಕಳಿಸಿದ್ದಳಂತೆ.

ನಡುವೆ ಆದ ಒಂದು ಘನಕಾರ್ಯವನ್ನು ಹೇಳಬೇಕು. ಆ ವಾರವೇ ನವಲಗುಂದದ ಮೆಕ್ಯಾನಿಕ್ ಅಕ್ಬರಸಾಬ, ಕಾಶಿನಾಥ ಪುಣೆಯಿಂದ ತರಿಸಿದ ಒಂದು ವಾಲ್ವನ್ನು, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋಕ್ಕೆ ಕೂಡಿಸಿದ್ದ. ಗೇರು ಬದಲಿಸಲು ಆಕ್ಸಿಲರೇಟರಿನಿಂದ ಕಾಲು ಎತ್ತಿದ ಕೂಡಲೇ ಒಳಗೆ ಒತ್ತಿಕೊಂಡ ಗಾಳಿ ಅದರಿಂದ “ಫ್‌ಶೀ!” ಎಂದು ಹೊರಗೆ ಹಾರುತ್ತದೆ. ಆ ನಾದಕ್ಕಾಗಿ ಕಾಶಿನಾಥ ಸುಮ್ಮಸುಮ್ಮನೆ ಗೇರು ಬದಲಿಸುತ್ತಿದ್ದ.

ಶುಕ್ರವಾರ ಎಂಟೂವರೆಗೆ ತಾಯಿ ರೇವವ್ವ ಹಿಂದೆ, ರೋಹಿಣಿ ಮುಂದೆ ಕೂತರು. ಐಶ್ವರ್ಯ ಕಿಟಕಿಗೆ ಬಗ್ಗಿ, “ಅಣ್ಣಾ, ಲಗೂ ಮುಟ್ರಿ” ಅಂದಳು. ಊರ ಅಗಸಿ ಬಾಗಿಲು ದಾಟಿ ಕಾಶಿನಾಥ ಎರಡರಿಂದ ಮೂರನೇ ಗೇರಿಗೆ ಬಂದ.

“ಫ್‌ಶೀ!”

“ನಿಲ್ಸಲೇ ಕಾಶ್ಯಾ!” ರೇವವ್ವ ಕಿರುಚಿದಳು. “ಯಾರ ಶೀನಿದ್ರು?”

“ಯಾರೂ ಇಲ್ಲಬೇ ಯವ್ವಾ. ಗಾಡಿ.”

“ಗಾಡಿ ಶೀನಿದ್ರ ಶೀನಲ್ಲೇನು? ಶುಭಕಾರ್ಯಕ್ಕ ಹೊಂಟಾಗ ಒಂಟಿ ಶೀನು! ಇಳೀರಿ. ಒಂದೀಟ ಕುಂತು, ನೀರು ಕುಡದು ಹೋಗೂಣು.”

ಇಳಿದರು, ಕೂತರು, ನೀರು ಕುಡಿದರು. ಹತ್ತಿ ಹೊರಟರು. ಎರಡು ಫರ್ಲಾಂಗು ಹೋಗಿರಲಿಲ್ಲ, “ಫ್‌ಶೀ!” ಮತ್ತೆ ಇಳಿದರು, ಕೂತರು, ಕುಡಿದರು. ಮೂರನೇ ಸಲ ಬಾಟಲಿ ಬರಿದಾಯಿತು. ಹಿಂದೆ ಬಂದ ಹುಬ್ಬಳ್ಳಿ ಬಸ್ಸು ಅವರನ್ನು ದಾಟಿ ಹೋಯಿತು. ಮೇವು ಹೇರಿದ ಟ್ರ್ಯಾಕ್ಟರೂ ದಾಟಿತು. ನೂರೈವತ್ತು ಕುದುರೆಗಳ ಶಕ್ತಿಯ ಗಾಡಿ ರಸ್ತೆ ಬದಿ ನಿಂತು ಆ ಮೇವು ಹೋಗುವುದನ್ನು ನೋಡುತ್ತಿತ್ತು.

ಕಾಶಿನಾಥ ಬುದ್ಧಿ ಖರ್ಚು ಮಾಡಿದ. “ಯವ್ವಾ, ಒಂಟಿ ಶೀನಷ್ಟ ಕೆಟ್ಟದ್ದಲ್ಲೇನು? ಜೋಡಿ ಶೀನು ಬಂದ್ರ?”

“ಜೋಡಿ ಆದ್ರ ಅಗದಿ ಚಲೋ.”

ಸರಿ, ಮೂರನೇ ಗೇರಿಗೊಂದು ಸೀನು, ನಾಲ್ಕಕ್ಕೊಂದು ಸೀನು, ಲೆಕ್ಕ ಜೋಡಿ. ರೇವವ್ವ ಬೆರಳು ಮಡಚಿ ಎಣಿಸುತ್ತ ಕೂತಳು. ಹುಬ್ಬಳ್ಳಿಯ ತನಕ ಹದಿನಾಲ್ಕು ಜೋಡಿ ಸುಖವಾಗಿ ಸಂದವು. ಹುಬ್ಬಳ್ಳಿ ದಾಟಿ ಕುಂದಗೋಳದ ರಸ್ತೆಗೆ ಬಿದ್ದ ಮೇಲೆ ಒಂದು ಎಮ್ಮೆ ಅಡ್ಡ ಬಂತು. ಕಾಶಿನಾಥ ಗಕ್ಕನೆ ಕಾಲು ತೆಗೆದ.

“ಇಪ್ಪತ್ತೊಂಬತ್ತು!” ಎಂದಳು ರೇವವ್ವ. “ಇಳೀರಿ.”

ಗಂಟೆ ಹತ್ತಕ್ಕೆ ಐದು ನಿಮಿಷ ಕಮ್ಮಿ. ಐಶ್ವರ್ಯಳ ಫೋನು ಬಂತು. “ಮುಟ್ಟಿದ್ರೇನಣ್ಣಾ?” “ಇನ್ನೊಂದೀಟ ಐತವಾ” ಎಂದು ಕಾಶಿನಾಥ ಫೋನು ಇಟ್ಟ. ನನ್ನ ಒಂದು ಶೋಕಿಗೆ ಈ ಹುಡುಗಿಯ ಸಂಬಂಧ ತಪ್ಪಿದರೆ, ನಾನು ಮನುಷ್ಯನೇ ಅಲ್ಲ ಎನಿಸಿತು.

“ಆ ಶೀನೂದನ್ನ ಕಿತ್ತ ಒಗೀಬಾರದೇನ್ರೀ?” ರೋಹಿಣಿ ಮೆತ್ತಗೆ ಅಂದಳು.

ಅವನು ಬಾನೆಟ್ ಎತ್ತಿದ. ವಾಲ್ವನ್ನು ತೆರೆಸುವ ಸಣ್ಣ ರಬ್ಬರ್ ಕೊಳವೆಯನ್ನು ಕಿತ್ತ. ಅದರ ಬಾಯಿ ಮುಚ್ಚಲು ಏನಾದರೂ ಬೇಕಲ್ಲ? ರೇವವ್ವನ ಎಲೆ-ಅಡಿಕೆ ಸಂಚಿಯಿಂದ ಒಂದು ಲವಂಗ ತೆಗೆದು ತುರುಕಿದ. ರೋಹಿಣಿ ತನ್ನ ಮಲ್ಲಿಗೆ ದಂಡೆಯ ದಾರ ಬಿಚ್ಚಿ ಕೊಟ್ಟಳು, ಬಿಗಿಯಾಗಿ ಕಟ್ಟಿದ.

ಹೊರಟರು. ಗೇರು ಬದಲಿಸಿದ. ಸೀನು ಬರಲಿಲ್ಲ. ಹೊರಹೋಗಲು ದಾರಿ ಕಾಣದ ಗಾಳಿ ತಿರುಗಿ ಟರ್ಬೋದ ಮುಖಕ್ಕೇ ಬಡಿಯಿತು.

“ಥು-ಥು-ಥು-ಥೂ!”



“ಲೇ,” ಎಂದಳು ರೇವವ್ವ, “ಈಗ ಉಗುಳಾಕತ್ತೇತಲ್ಲೋ!”

ಕಾಶಿನಾಥನ ಬಾಯಿಂದ ಯೋಚನೆಗೆ ಮೊದಲೇ ಮಾತು ಬಂತು. “ಉಗುಳೂದಲ್ಲಬೇ. ದೃಷ್ಟಿ ತೆಗಿಯಾಕತ್ತೇತಿ.”

ರೇವವ್ವ ಇನ್ನೊಂದು ಗೇರಿನ ತನಕ ಕಾದು ಕೇಳಿದಳು. “ಥು-ಥು-ಥೂ!” ಆಕೆಯ ಮುಖ ಅರಳಿತು. “ಖರೇನ! ನಿನ್ನ ಗಾಡಿಗಿ ಇಷ್ಟು ಚಲೋ ಬುದ್ಧಿ ಐತಿ ಅಂತ ಯಾಕ ಮೊದಲ ಹೇಳ್ಲಿಲ್ಲ?”

ಹತ್ತು ಇಪ್ಪತ್ತೆಂಟಕ್ಕೆ ಕುಬಿಹಾಳ ಮುಟ್ಟಿದರು. ಅಂಗಳದಲ್ಲಿ ದುರ್ಗವ್ವ ಗಡಿಯಾರ ನೋಡುತ್ತ ನಿಂತಿದ್ದಳು. ಕಾರು ಆಕೆಯ ಮುಂದೆಯೇ “ಥೂ” ಎಂದು ನಿಂತಿತು.

“ಯಾರಿಗಿ ಉಗುಳ್ತು ಇದು?” ಎಂದು ಆಕೆ ಹುಬ್ಬೇರಿಸಿದಳು. ಆದರೆ ರೇವವ್ವ ಇಳಿದವಳೇ ಮಗನ ಗಾಡಿಯ ಮಹಿಮೆಯನ್ನು ವರ್ಣಿಸತೊಡಗಿದಳು. ದುರ್ಗವ್ವ ಕಾರನ್ನು ಒಂದು ಸುತ್ತು ಹಾಕಿ ನೋಡಿ, ಕಾಲಿಗೆ ನೀರು ಕೊಡಿಸಿ, ಎಲ್ಲರನ್ನೂ ಒಳಗೆ ಕರೆದಳು. ಅವಲಕ್ಕಿ ತಿನ್ನುವಷ್ಟರಲ್ಲಿ ಸಂಬಂಧ ಗಟ್ಟಿಯಾಯಿತು. ಕಾಶಿನಾಥನ ಕಣ್ಣು ತುಂಬಿ ಬಂತು.

“ಒಂದ ಮಾತು,” ಎಂದಳು ದುರ್ಗವ್ವ. “ಮದಿಮಕ್ಕಳು ಈ ಗಾಡ್ಯಾಗ ಬರಬೇಕು. ಥೂ ಅನ್ನೂದು ತಪ್ಪಬಾರದು.”

ಮದುವೆ ಮೂರು ತಿಂಗಳ ಮೇಲೆ. ಮರುದಿನ ಅಕ್ಬರಸಾಬ ಆ ಸದ್ದು ಕೇಳಿ ತಲೆ ಹಿಡಿದುಕೊಂಡ. “ಕಾಶಣ್ಣಾ, ಅದು ಟರ್ಬೋ ಎದಿ ಬಡಕೊಳ್ಳೂ ಸಪ್ಪಳರಿ! ಲವಂಗ ತಗೀರಿ.” ಮನೆಗೆ ಬಂದು ತೆಗೆಯಲು ಬಾನೆಟ್ ಎತ್ತಿದರೆ ಎದುರಿಗೆ ಐಶ್ವರ್ಯ. “ಅಣ್ಣಾ, ಲಗ್ನದ ಮಟಾ ಇರ್ಲಿ.” ಜೀವನದಲ್ಲಿ ಅವಳು ಕಾರಿನ ವಿರುದ್ಧ ಆಡಿದ ಮೊದಲ ಮಾತು ಅದು. ಅವನು ಬಾನೆಟ್ ಇಳಿಸಿದ.

ದೃಷ್ಟಿ ತೆಗೆಯುವ ಕಾರಿನ ಸುದ್ದಿ ಓಣಿಗೆ ಹಬ್ಬಿತು. ಕೂಸು ಅತ್ತರೆ ಕಾಶಿನಾಥನಿಗೆ ಕರೆ, ಆಕಳು ಹಾಲು ಕೊಡದಿದ್ದರೆ ಕಾಶಿನಾಥನಿಗೆ ಕರೆ. ಎಲ್ಲರ ಮುಂದೆಯೂ ಅವನ ಟರ್ಬೋ ಎದೆ ಬಡಿದುಕೊಂಡು ಬರಬೇಕು. ರೋಹಿಣಿಯಂತೂ ವಾರಕ್ಕೊಂದು ಹೊಸ ಲವಂಗ ಎತ್ತಿ ಕೊಡುತ್ತಾಳೆ. ಲವಂಗದ ಡಬ್ಬಿ ಈಗ ಎಂಜಿನ್ ಆಯಿಲ್ ಇದ್ದ ಗೂಡಿನಲ್ಲಿದೆ, ಮರಳಿ ಬಂದ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ.

ಮೊನ್ನೆ ಬೇಸರ ತಡೆಯದೆ ಕಾಶಿನಾಥ ಒಬ್ಬನೇ ಕಾರು ತೆಗೆದುಕೊಂಡು ಯಮನೂರಿನ ಕಡೆ ಹೋಗಿ ಬಂದ. ವಾಪಸು ಬಂದವನ ಸಪ್ಪೆ ಮುಖ ನೋಡಿ ರೋಹಿಣಿ ಕೇಳಿದಳು.

“ಗಾಡಿ ದಾರ್‍ಯಾಗ ಥೂ ಅಂತೇನ್ರೀ?”

“ಅಂತು.”

“ನೀವೊಬ್ರ ಇದ್ರಲ್ಲರೀ. ಯಾರಿಗಿ ಅಂತು?”