ಬಾವನ ಗೇರ್ ಸೈಕಲ್ಲಿನ ಸೇವೆ

ಹೊಸ ವಸ್ತುವೊಂದು ಮನೆಗೆ ಬಂದರೆ ಅದನ್ನು ಉಪಯೋಗಿಸುವುದು ಹೇಗೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಹಾಳಾಗದ ಹಾಗೆ ಇಡುವುದು ಹೇಗೆ ಎಂದು ಮಾತ್ರ ಎಲ್ಲರೂ ಹೇಳಿಕೊಡುತ್ತಾರೆ. ಹಾಳಾಗುವುದು ಅಲ್ಲಿಂದಲೇ ಶುರು. ಮಿಕ್ಸಿಯ ವಿಷಯದಲ್ಲಿ ಹೀಗಾದವರಿದ್ದಾರೆ, ಟೇಪ್ ರೆಕಾರ್ಡರಿನ ವಿಷಯದಲ್ಲಿ ಆದವರಿದ್ದಾರೆ. ನನ್ನ ಪಾಲಿಗೆ ಬಂದದ್ದು ಸೈಕಲ್.

ತೊಂಬತ್ತರ ದಶಕದ ನಡುವೆ ಒಂದು ಬೇಸಗೆಯಲ್ಲಿ ನನ್ನ ಅಕ್ಕನ ಗಂಡ, ಅಂದರೆ ಬಾವ, ದುಬೈಯಿಂದ ರಜೆಯಲ್ಲಿ ಬರುವಾಗ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ತಂದರು. ದಪ್ಪ ಟಯರು, ನೇರ ಹ್ಯಾಂಡಲು, ಹಿಂದಿನ ಚಕ್ರದ ಬಳಿ ಸಣ್ಣದೊಡ್ಡ ಹಲ್ಲುಚಕ್ರಗಳ ಗೊಂಚಲು. ಬೆಟ್ಟ ಹತ್ತುವ ಸೈಕಲಂತೆ. ನಮ್ಮ ಊರು ಪೆರ್ಲದಲ್ಲಿ ಅದುವರೆಗೆ ನಾವು ಬೆಟ್ಟ ಹತ್ತಲಿಕ್ಕೆ ಕಾಲನ್ನೇ ಬಳಸುತ್ತಿದ್ದೆವು.

ನಾನು ಆಗ ಪೇಟೆಯ ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದೆ. ಜೊತೆಯಲ್ಲಿ ಓದಿದವರೆಲ್ಲ ಗಲ್ಫಿನ ವಿಮಾನ ಹತ್ತಿ ಆಗಿತ್ತು. ಬಾವ ಹಿಂದಿರುಗಿ ಹೊರಡುವ ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ನಮ್ಮ ಕಂಪೆನಿಯ ವರ್ಕ್‌ಶಾಪಿಗೆ ಒಬ್ಬ ಮೆಕ್ಯಾನಿಕ್ ಬೇಕಾಗ್ತದೆ. ಈ ಸೈಕಲನ್ನು ನಿನ್ನ ಕೈಯಲ್ಲಿ ಬಿಟ್ಟು ಹೋಗ್ತೇನೆ. ಮುಂದಿನ ರಜೆಗೆ ಬರುವಾಗ ಹೇಗೆ ಇಟ್ಟಿದ್ದಿ ಅಂತ ನೋಡ್ತೇನೆ. ಮತ್ತೆ ವೀಸಾದ ವಿಷಯ ಮಾತಾಡುವ.”

ಅಂದಿನಿಂದ ನನಗೆ ಅದು ಸೈಕಲ್ ಆಗಿ ಉಳಿಯಲಿಲ್ಲ. ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ವೀಸಾ ಆಯಿತು.

ಪ್ಲಾಸ್ಟಿಕ್ ಅಂಗಿ

ಸೈಕಲ್ಲಿನ ಮೈಗೆಲ್ಲ ಪ್ಲಾಸ್ಟಿಕ್ ಸುತ್ತಿದ್ದರು. ಅದನ್ನು ಬಿಚ್ಚಲು ಹೊರಟಾಗ ಅಮ್ಮ ಒಳಗಿನಿಂದ ಓಡಿ ಬಂದಳು.

“ತೆಗೀಬೇಡ. ತೆಗೆದರೆ ಹಳತಾಗ್ತದೆ.”

ನಮ್ಮ ಮನೆಯಲ್ಲಿ ಗಲ್ಫಿನಿಂದ ಬಂದ ಯಾವುದೂ ಬಟ್ಟೆ ಬಿಚ್ಚಿದ್ದಿಲ್ಲ. ಗಡಿಯಾರದ ಪ್ಲಾಸ್ಟಿಕ್ಕನ್ನು ಕೂಡ ಅಮ್ಮ ತೆಗೆಯಲು ಬಿಟ್ಟಿರಲಿಲ್ಲ. ಗಂಟೆ ಎಷ್ಟಾಯಿತೆಂದು ನೋಡಲು ಬೆಳಕು ಬೀಳುವ ಕಡೆ ಹೋಗಿ ನಿಲ್ಲಬೇಕು. ಹಾಗಾಗಿ ನಾನೂ ಪ್ಲಾಸ್ಟಿಕ್ ಸೀಟಿನ ಮೇಲೆ ಜಾರಿಕೊಂಡೇ ಪೇಟೆಗೆ ಹೋಗಿ ಬರುತ್ತಿದ್ದೆ.

ಮಳೆ ಹಿಡಿಯಿತು. ಪ್ಲಾಸ್ಟಿಕ್ಕಿನೊಳಗೆ ನೀರು ಹೋಗಲು ದಾರಿಯಿತ್ತು, ಹೊರಗೆ ಬರಲು ಇರಲಿಲ್ಲ. ಮಳೆ ಬಿಡದ ಆಟಿ ತಿಂಗಳಲ್ಲಿ ಆರೋಗ್ಯ ಕೇಂದ್ರದ ಇನ್‌ಸ್ಪೆಕ್ಟರ್ ಸೊಳ್ಳೆಮರಿ ಹುಡುಕಿಕೊಂಡು ಮನೆಮನೆಗೆ ಬಂದರು. ಕಣ್ಣೂರು ಕಡೆಯ ಮಲಯಾಳಿ, ಅಳೆದು ತೂಗಿ ಕನ್ನಡ ಮಾತಾಡುತ್ತಿದ್ದರು. ಬಾವಿಕಟ್ಟೆ ನೋಡಿದರು, ತೆಂಗಿನ ಚಿಪ್ಪು ಮಗುಚಿ ನೋಡಿದರು. ಎಲ್ಲೂ ನೀರು ನಿಂತಿರಲಿಲ್ಲ. ಅಮ್ಮ ಹೆಮ್ಮೆಯಿಂದ ಸೊಂಟಕ್ಕೆ ಕೈಕೊಟ್ಟು ನಿಂತಳು. ಹೊರಡುವಾಗ ಅವರ ಕಣ್ಣು ಜಗಲಿಯ ಸೈಕಲ್ಲಿನ ಮೇಲೆ ಬಿತ್ತು. ಬಗ್ಗಿದರು, ಪ್ಲಾಸ್ಟಿಕ್ಕನ್ನು ಬೆರಳಿನಿಂದ ತಟ್ಟಿದರು. ಒಳಗಿನ ನೀರಿನಲ್ಲಿ ಮರಿಗಳು ಗುಂಪಾಗಿ ಕುಣಿದವು.

“ಚಿಪ್ಪಿನಲ್ಲಿ ಆಗುವುದು ನೋಡಿದ್ದೇನೆ, ಟಯರಿನಲ್ಲಿ ನೋಡಿದ್ದೇನೆ,” ಎಂದರು ಅವರು. “ಫಾರಿನ್ ಮಾಲಿನಲ್ಲಿ ಲೋಕಲ್ ಸೊಳ್ಳೆ, ಇದು ಮೊದಲು.”

ಲಿಂಬೆಹುಳಿ

ಪ್ಲಾಸ್ಟಿಕ್ ಬಿಚ್ಚಿದ ಮೇಲೆ ದೃಷ್ಟಿ ತಾಗುತ್ತದೆಂದು ಅಮ್ಮನಿಗೆ ಹೊಸ ಚಿಂತೆ. ಆಯುಧಪೂಜೆಯ ದಿನ ಸೋಪಿನ ನೀರಿನಲ್ಲಿ ತೊಳೆದು, ಹೊಳೆಯುವ ಹಾಗೆ ಒರೆಸಿ, ದೇವಸ್ಥಾನದ ಎದುರು ಜೀಪು ಆಟೋಗಳ ಸಾಲಿನಲ್ಲಿ ನಿಲ್ಲಿಸಿದೆ. ಭಟ್ಟರು ಗಂಧ ಹಚ್ಚಿ, ಹೂ ಹಾಕಿ, ಚಕ್ರದ ಎದುರು ಲಿಂಬೆಹುಳಿ ಇಟ್ಟರು.

ನನ್ನ ಮುಂದಿದ್ದ ಗಾಡಿಗಳೆಲ್ಲ ಪಚಕ್ಕನೆ ಅರೆದು ಮುಂದೆ ಹೋದವು. ನನ್ನ ಸೈಕಲ್ ಲಿಂಬೆಹುಳಿಯ ಮೇಲೆ ಹತ್ತಿ ಆಚೆಗೆ ಇಳಿಯಿತು. ಹಣ್ಣಿಗೆ ಎಂತದೂ ಆಗಿರಲಿಲ್ಲ. ಭಟ್ಟರು ಮತ್ತೆ ಇಟ್ಟರು. ಈ ಸಲ ಟಯರಿನ ಹಲ್ಲುಗಳು ಅದನ್ನು ಬದಿಗೆ ತಳ್ಳಿದವು.

“ಇದು ಬೆಟ್ಟಕ್ಕೇ ಬಗ್ಗುವುದಿಲ್ಲ, ಲಿಂಬೆಹುಳಿಗೆ ಎಲ್ಲಿ?” ಎಂದು ಸಾಲಿನಲ್ಲಿದ್ದವರು ನಕ್ಕರು. ಜೊತೆಯಲ್ಲಿ ಬಂದಿದ್ದ ಅಮ್ಮನ ಮುಖ ಸಣ್ಣದಾಯಿತು. ಕೊನೆಗೆ ಹಿಂದಿದ್ದ ಜೀಪಿನವನಿಗೆ ಕನಿಕರ ಬಂದು, ಗಾಡಿಯನ್ನು ಮುಂದೆ ತಂದು ನನ್ನ ಹಣ್ಣನ್ನೂ ಅವನೇ ಅರೆದುಕೊಟ್ಟ. ಭಟ್ಟರು “ಆಯಿತು, ಹೊರಡಿ,” ಎಂದರು.

ಮನೆಯ ಮೆಟ್ಟಿಲು ಹತ್ತುವಾಗ ಅಮ್ಮ ತಡೆಯಲಾರದೆ ಕೇಳಿದಳು: “ಇನ್ನು ವೀಸಾ ಆ ಜೀಪಿನವನಿಗೆ ಸಿಗ್ತದಾ ಎಂತ?”

ತೆಂಗಿನೆಣ್ಣೆ

ಬಾವ ಕೊಟ್ಟುಹೋದ ಎಣ್ಣೆಯ ಪುಟ್ಟ ಡಬ್ಬಿ ಮುಗಿಯಿತು. ಪೇಟೆಗೆ ಹೋಗಿ ತರುತ್ತೇನೆ ಎಂದರೆ ಅಮ್ಮನಿಗೆ ಅವಮಾನವಾಯಿತು. ತಲೆಗೆ, ದೋಸೆಯ ಕಾವಲಿಗೆ, ಬಾಗಿಲಿನ ತಿರುಗಣೆಗೆ, ದೇವರ ದೀಪಕ್ಕೆ ಆಗುವ ತೆಂಗಿನೆಣ್ಣೆ ಒಂದು ಸೈಕಲಿಗೆ ಆಗುವುದಿಲ್ಲವೇ? ನಾನು ಸ್ನಾನ ಮಾಡಿ ಬರುವುದರೊಳಗೆ ಚೈನಿಗೆ, ಹಿಂದಿನ ಚಕ್ರದ ಹಲ್ಲುಗಳಿಗೆ, ಎಲ್ಲೆಲ್ಲಿ ತೂತು ಉಂಟೋ ಅಲ್ಲಿಗೆಲ್ಲ ಧಾರಾಳವಾಗಿ ಹೊಯ್ದಿದ್ದಳು. ಮೊದಲು ಇರುವೆ ಬಂತು. ಅದನ್ನು ಸಹಿಸಿಕೊಂಡೆ.

ಆಮೇಲೆ ಧನು ತಿಂಗಳ ಚಳಿ ಬಂತು. ಒಂದು ಬೆಳಿಗ್ಗೆ ಹತ್ತಿ ತುಳಿದರೆ ಪೆಡಲು ಗರಗರ ತಿರುಗುತ್ತದೆ, ಸೈಕಲ್ ಇದ್ದಲ್ಲೇ ಇದೆ. ಒಳಗೆ ಹೋದ ಎಣ್ಣೆಯೆಲ್ಲ ತುಪ್ಪದ ಹಾಗೆ ಗಟ್ಟಿಯಾಗಿ ಹಿಂದಿನ ಚಕ್ರವನ್ನು ಹಿಡಿಯಬೇಕಾದ ತುಂಡುಗಳನ್ನು ಮಲಗಿಸಿಬಿಟ್ಟಿತ್ತು. ಬಿಟ್ಟು ನಡೆದು ಹೋಗಬಹುದಿತ್ತು. ಆದರೆ ವೀಸಾವನ್ನು ಅಂಗಳದಲ್ಲಿ ಬಿಟ್ಟು ಹೋಗುವುದು ಹೇಗೆ? ಒಣಗಲು ಹರಡಿದ ಕೊಬ್ಬರಿಯ ಪಕ್ಕ ಸೈಕಲನ್ನೂ ಬಿಸಿಲಿಗೆ ಮಲಗಿಸಿ, ಕಾಗೆ ಓಡಿಸುತ್ತಾ ಕುಳಿತೆ.

ಅಂಗಡಿಗೆ ಮುಟ್ಟುವಾಗ ಸೀಮೆಎಣ್ಣೆಗೆ ನಿಂತವರ ಸಾಲು ರಸ್ತೆಗೆ ಬಂದಿತ್ತು. ಅಂಗಡಿಯ ಧಣಿಗಳು ಕೆಂಡವಾಗಿದ್ದರು.

“ಎಂತಕ್ಕೆ ತಡ?”

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. “ಸೈಕಲ್ ಕರಗಲಿಲ್ಲ ಧಣಿ,” ಎಂದೆ.

ಗೇರು ಸಿಪ್ಪೆಯ ಎಣ್ಣೆ

ಪಕ್ಕದ ಮನೆಯ ಕೊಂಕಣಿ ಕ್ರಿಶ್ಚಿಯನ್ ಹಿರಿಯರನ್ನು ನಾವು ಪೊರ್ಬುಗಳು ಎಂದು ಕರೆಯುವುದು. ಪರೋಪಕಾರಿ. ಕೇಳಿದರೆ ಸಹಾಯ ಮಾಡುವವರು ಊರಲ್ಲಿ ಬಹಳ ಮಂದಿ ಇದ್ದಾರೆ, ಪೊರ್ಬುಗಳು ಕೇಳುವ ತನಕ ಕಾಯುವವರಲ್ಲ. ತಮ್ಮ ಮನೆಯ ಮಾಡು ಹೊತ್ತ ಮರದ ಪಕಾಸಿಗೆಲ್ಲ ಅವರು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದಿದ್ದರು. ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಅದು ನಿಜ.

ಒಂದು ಭಾನುವಾರ ನಾನು ನೆಂಟರ ಮನೆಗೆ ಹೋಗಿದ್ದಾಗ ಬ್ರಷ್ ಹಿಡಿದು ಬಂದವರೇ ಮಳೆಗಾಲಕ್ಕೆ ಮುಂಚೆ ಇರಲಿ ಎಂದು ಸೈಕಲಿಗೂ ಒಂದು ಕೈ ಬಳಿದು ಹೋದರು. ಹ್ಯಾಂಡಲನ್ನೂ ಬಿಡಲಿಲ್ಲ, ಸೀಟನ್ನೂ ಬಿಡಲಿಲ್ಲ. ಗೇರು ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟುಹೋಗುತ್ತದೆಂದು ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಯಾರೂ ಇಲ್ಲ. ಗೇರೆಣ್ಣೆ ಬಳಿದ ಸೈಕಲ್ ಎಂದು ಗೊತ್ತಿಲ್ಲದವನು ನಾನೊಬ್ಬನೇ. ಸೋಮವಾರ ಹತ್ತಿ ಹೋದೆ. ಮಂಗಳವಾರ ಅಂಗೈಯೂ, ಕುಳಿತುಕೊಳ್ಳುವ ಜಾಗವೂ ಗುಳ್ಳೆಯೆದ್ದವು.

ಜಗಳ ಮಾಡಲೆಂದೇ ಅವರ ಮನೆಗೆ ಹೋದೆ. ನೋಡಿದ ಕೂಡಲೇ ಕುರ್ಚಿ ಎಳೆದರು. “ಬಾ ಮಾರಾಯ, ಕೂತು ಮಾತಾಡುವ.”

“ಕೂರಲಿಕ್ಕೆ ಆಗುದಿಲ್ಲ ಪೊರ್ಬುಗಳೇ. ಅದೇ ವಿಷಯ ಮಾತಾಡಲಿಕ್ಕೆ ಬಂದದ್ದು.”

ನಾನು ಹೇಳಿದ್ದನ್ನೆಲ್ಲ ಅವರು ಸಮಾಧಾನದಿಂದ ಕೇಳಿದರು. ಆಮೇಲೆ ವಿಚಾರಣೆ ಶುರುಮಾಡಿದರು.

“ಸೈಕಲಿಗೆ ತುಕ್ಕು ಹಿಡಿಯಿತಾ?”

“ಇಲ್ಲ.”

“ಗೆದ್ದಲು?”

“ಇಲ್ಲ.”

“ಮತ್ತೆ ಎಂತ ಮಾರಾಯ? ನಿನಗೆ ಮಾತ್ರ ಅಲ್ವಾ ಆದದ್ದು?”

ಬಾವನ ಪರೀಕ್ಷೆ

ಇನ್ನು ಯಾರ ಸಹವಾಸವೂ ಬೇಡವೆಂದು ಸೈಕಲ್ಲಿನ ಮೈಯೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ ತೆಗೆದೆ. ಆಮೇಲಿನ ಸೇವೆ ನನ್ನೊಬ್ಬನದೇ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಒಂದೊಂದು ಕೊಂಡಿಯನ್ನೂ ತಿಕ್ಕಿದೆ. ಕಡ್ಡಿಗಳನ್ನು ಒಂದೊಂದಾಗಿ ಒರೆಸಿದೆ. ರಾಜಕುಮಾರನಿಗೂ ಅಷ್ಟು ಉಪಚಾರ ಸಿಕ್ಕಿರಲಾರದು.

ಬಾವ ಬರುವ ದಿನ ಬೆಳಗಿನಿಂದ ನಾನು ಅಂಗಳ ಬಿಡಲಿಲ್ಲ. ಬಜ್ಪೆ ವಿಮಾನ ನಿಲ್ದಾಣದಿಂದ ಬಂದ ಜೀಪು ಅಂಗಳದಲ್ಲಿ ನಿಂತಾಗ ಸೀಟನ್ನು ಇನ್ನೊಮ್ಮೆ ಒರೆಸಿದೆ. ಇವತ್ತು ಇವರು ಬೇಡ ಎಂದರೆ ಮುದುಕನಾಗುವ ತನಕ ರೇಷನ್ ಅಕ್ಕಿಯೇ ಗತಿ ಎಂದು ನನಗೆ ಗೊತ್ತಿತ್ತು.

ಚಹಾ ಕುಡಿದು ಬಾವ ಸೈಕಲಿನ ಸುತ್ತ ಬಂದರು. ಚೈನು ಮುಟ್ಟಿ ಬೆರಳು ನೋಡಿದರು. ಕರಿ ಹಿಡಿಯಲಿಲ್ಲ. ಹಿಂದಿನ ಚಕ್ರ ಎತ್ತಿ ತಿರುಗಿಸಿದರು. ನೀರಿನ ಹಾಗೆ ತಿರುಗಿತು. “ಶೋರೂಮಿನಲ್ಲಿ ಕೂಡ ಹೀಗೆ ಇರುದಿಲ್ಲ ಮಾರಾಯ,” ಎಂದರು. ಬಾಗಿಲ ಮರೆಯಲ್ಲಿ ಅಮ್ಮ ದೇವರಿಗೆ ಕೈಮುಗಿದಳು. ಅಕ್ಕ ನನ್ನನ್ನು ನೋಡಿ ನಕ್ಕಳು.

“ಬ್ರೇಕಿನ ರಬ್ಬರು ಎಷ್ಟು ಸಲ ಬದಲಿಸಿದ್ದಿ?”

“ಸವೆಯಲೇ ಇಲ್ಲ ಬಾವ. ಇಳಿಜಾರು ಬಂದರೆ ಇಳಿದು ದೂಡಿಕೊಂಡು ಹೋಗ್ತಿದ್ದೆ.”

“ಏರಿನಲ್ಲಿ ಯಾವ ಗೇರು ಹಾಕ್ತಿದ್ದಿ?”

“ಏರಿನಲ್ಲಿ ಹತ್ತುದೇ ಇಲ್ಲ. ಚೈನು ಎಳೆಯುವುದು ಬೇಡ ಅಂತ ದೂಡ್ತಿದ್ದೆ.”

ಬಾವ ಎತ್ತಿದ ಚಕ್ರವನ್ನು ಕೆಳಗಿಟ್ಟರು. “ಏರಿನಲ್ಲಿ ದೂಡಿದರೆ, ಇಳಿಜಾರಿನಲ್ಲಿ ದೂಡಿದರೆ, ಈ ಪೆರ್ಲದಲ್ಲಿ ಸಮ ರಸ್ತೆ ಎಲ್ಲಿ ಉಂಟು?”

“ಅದೇ ಬಾವ, ಹೆಚ್ಚು ಕೂರಲಿಕ್ಕೆ ಆಗ್ಲಿಲ್ಲ.”

“ಪಂಕ್ಚರ್?”

“ಒಂದು ಕೂಡ ಇಲ್ಲ!” ಎಂದೆ. ಗೆದ್ದೆ ಎಂದೇ ನನಗನಿಸಿತ್ತು. “ಈ ಬೇಸಗೆಯಿಂದ ಚಾವಡಿಯ ಪಕಾಸಿಗೆ ಹಗ್ಗ ಕಟ್ಟಿ ನೇತುಹಾಕಿದ್ದೆ. ನಿನ್ನೆ ಸಂಜೆಯಷ್ಟೇ ಇಳಿಸಿದ್ದು.”

ಬಾವ ಜಗಲಿಯಲ್ಲಿ ಕುಳಿತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು.

“ನೋಡು,” ಎಂದರು. “ಮೆಕ್ಯಾನಿಕ್ ಕೆಲಸ ನಿನಗೆ ಆಗುದಿಲ್ಲ.”

ಅಮ್ಮ ಬಾಗಿಲು ಹಿಡಿದುಕೊಂಡಳು. ನನ್ನ ಕಣ್ಣಿನಲ್ಲಿ ನೀರೇ ಬಂತು, ಸುಳ್ಳು ಹೇಳುವುದಿಲ್ಲ.

“ಆದರೆ ನಮ್ಮ ಕಂಪೆನಿಯ ಸೇಟಿಗೆ ಇನ್ನೊಂದು ಜನ ಬೇಕು. ಗೋಡೌನು ತುಂಬ ಹೊಸ ಮಾಲು ಉಂಟು. ತಾನೂ ಮುಟ್ಟಬಾರದು, ಬೇರೆಯವರನ್ನೂ ಮುಟ್ಟಲಿಕ್ಕೆ ಬಿಡಬಾರದು. ಅಂಥವನು ಹುಡುಕಿದರೂ ಸಿಗುದಿಲ್ಲ ಅಂತ ಅವನಿಗೆ ದೊಡ್ಡ ಬೇಜಾರು,” ಎಂದು ಬಾವ ಕೈ ಚಾಚಿದರು. “ಪಾಸ್‌ಪೋರ್ಟ್ ತಾ. ನಿನಗೆ ವಾಚ್‌ಮನ್ ವೀಸಾ.”