ಡಿಸ್ಕ್ ಇಲ್ಲವೆಂಬ ಜವಾಬು

ನಮ್ಮ ಮಕ್ತಲ್ ಮಾಮನಿಗೆ ಕಣ್ಣಿವೆ, ಆದರೆ ನೋಡುವ ಅಭ್ಯಾಸವಿಲ್ಲ! ಏನನ್ನೇ ಆಗಲಿ ಕೇಳಿಯೇ ತಿಳಿಯಬೇಕು. ಬಾಗಿಲಲ್ಲಿ ನಿಂತ ನನ್ನ ಮುಖವನ್ನೇ ನೋಡುತ್ತ "ಬಂದೇನವ್ವಾ?" ಎನ್ನುವರು. "ಬಂದೀನ್ರಿ ಮಾಮಾ" ಅಂದ ಮೇಲೆಯೇ ನಾನು ಬಂದಂತೆ.

ಈ ಚಟ ಹತ್ತಿದ್ದು ಅವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ. ಒಳಗೆ ಡಿಸ್ಕ್ ಇಲ್ಲವೆಂಬುದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿ ಸಿಕ್ಕಿಬಿದ್ದೆ!

"ಒಳಗ ಎಲ್ಲಾ ನಡಸೋ ಪ್ರೋಗ್ರಾಮ್ ಐತಿ, ಕರ್ನಲ್ ಅಂತ, ಅವನೇ ಯಜಮಾನ. ಅವಗ ಕಣ್ಣಿಲ್ಲ. ಎರಡೆರಡು ಸೆಕೆಂಡಿಗೆ ಡಿಸ್ಕ್ ಹಾಕೋ ಡ್ರೈವಿಗೆ ಕೇಳತಾನ, ತಯಾರ್ ಅದೀಯೇನು? ಇಲ್ಲ, ಡಿಸ್ಕ್ ಇಲ್ಲ ಅಂತೈತಿ ಅದು. ಸಿಟ್ಟಿಲ್ಲ, ಬ್ಯಾಸರಿಲ್ಲ, ಮತ್ತ ಕೇಳತಾನ."

"ಇಲ್ಲ ಅಂದಮ್ಯಾಲೂ ಯಾಕ ಕೇಳಬೇಕ್ರಿ?"

"ನಾಳೆ ಯಾರರ ಹಾಕಬಹುದಲ್ಲ. ಮತ್ತ ಇಲ್ಲ ಅನ್ನೋದೂ ಜವಾಬೇ ಅಲ್ಲೇನವ್ವಾ? ಡಿಸ್ಕ್ ಇಲ್ಲ, ಆದರ ಡ್ರೈವ್ ಐತಿ. ಜವಾಬೇ ಬರಲಿಲ್ಲಂದ್ರ ಚಿಂತಿ ಮಾಡಬೇಕು."

ಅಂಗಡಿಯ ಜ್ಞಾನ ಅಂಗಡಿಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಮನೆಯ ಪಡಸಾಲೆಯಲ್ಲಿ ಕೂತು "ಅಡಿಗಿ ಆತೇನು?" ಒಳಗಿನಿಂದ ಅವರ ಹೆಂಡತಿ, ಅಂದರೆ ನಮ್ಮತ್ತೆ, "ಇನ್ನಾ ಆಗಿಲ್ರೀ." ಒಂದು ಉಸಿರು ಬಿಟ್ಟು ಮತ್ತೆ "ಅಡಿಗಿ ಆತೇನು?" ಜೋಳದ ಹಿಟ್ಟು ನಾದುವಷ್ಟರಲ್ಲಿ ಹತ್ತು ಸಲ! ಯಾವ ಹೆಂಗಸು ತಡೆದಾಳು? ಒಂದು ದಿನ ಅತ್ತೆ ಹಿಟ್ಟಿನ ಪರಾತವನ್ನೇ ತಂದು ಅವರ ಮುಂದಿಟ್ಟರು.

"ನೀವಽ ಬಡೀರಿ ರೊಟ್ಟಿ. ನಾ ಕುಂತು ಕೇಳತೀನಿ."

ಅಂದು ನಾವು ತಿಂದದ್ದು ರೊಟ್ಟಿಯಲ್ಲ, ನಕಾಶೆ!

ಆಂಧ್ರದಿಂದ ಬೇರೆಯಾಗಿ ನಮ್ಮ ಮಕ್ತಲಿಗೆ ತೆಲಂಗಾಣ ರಾಜ್ಯ ಬಂದ ದಿನವಂತೂ ಹೇಳತೀರದು! ಬೆಳಗಿನಿಂದ "ಬಂತೇನ್ರಿ?" ಎಂದು ಬೀದಿಯವರ ತಲೆ ತಿಂದಿದ್ದ ಮಾಮ, ಎಲ್ಲರೂ ಗುಲಾಲು ಎರಚಿಕೊಂಡು ಕುಣಿಯುವಾಗ ಅಂಗಡಿಯಲ್ಲಿ ಹೊಸ ಲೆಕ್ಕದ ಪುಸ್ತಕ ಹಿಡಿದು ಕೂತರು. ಡಿಸ್ಕ್ ಬದಲಾದರೆ ಕರ್ನಲ್ ಹಳೆಯ ನೆನಪನ್ನೆಲ್ಲ ಒರೆಸಿ ಹೊಸದಾಗಿ ಓದುತ್ತದಂತೆ. ರಾಜ್ಯವೇ ಬದಲಾದ ಮೇಲೆ? ದಿನಾ ಬರುವ ಗಿರಾಕಿಗಳಿಗೂ "ನಿಮ್ಮ ಹೆಸರೇನ್ರಿ?" ಎಂದು ಕೇಳಿ ಬರೆದುಕೊಂಡರು. ಮನೆಗೆ ಬಂದು ಅತ್ತೆಯನ್ನೂ ಕೇಳಿದರು.

"ಮದುವಿಯಾಗಿ ಮೂವತ್ತು ವರ್ಷಕ್ಕ ಕೇಳಾಕ ಹತ್ತೀರೇನು?" ಎಂದ ಅತ್ತೆ ನಾಚಿ ನಗುತ್ತ ಹೆಸರು ಹೇಳಿದರು.

ಅದೇ ಮಳೆಗಾಲದಲ್ಲಿ ಅತ್ತೆಗೆ ಲಕ್ವಾ ಹೊಡೆಯಿತು. ಗದ್ವಾಲಿನ ಆಸ್ಪತ್ರೆಗೆ ಸೇರಿಸಿದೆವು. ಬಲಗೈ ಬಿದ್ದಿತ್ತು, ಮಾತು ನಿಂತಿತ್ತು. ಮಾತು ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಮಾಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಶುರು ಮಾಡಿದರು.

"ಅಡಿಗಿ ಆತೇನು?"

ಉತ್ತರವಿಲ್ಲ. ಒಂದು ಉಸಿರು ಬಿಟ್ಟು ಮತ್ತೆ ಅದೇ. ಪಾಪ, ಹಿರಿಯರಿಗೆ ಹಸಿವಾಗಿದೆಯೆಂದು ನರ್ಸು ತನ್ನ ಡಬ್ಬಿಯ ಇಡ್ಲಿ ತಂದುಕೊಟ್ಟಳು. ಅವರು ಮುಟ್ಟಲಿಲ್ಲ. ನಾಲ್ಕು ದಿನ ಹೀಗೇ ಆಯಿತು. ನನಗೆ ತಡೆಯಲಾಗಲಿಲ್ಲ.

"ಸಾಕು ಬಿಡ್ರಿ ಮಾಮಾ."

"ಇಲ್ಲ ಅಂತರ ಅನ್ನಲವ್ವಾ ಅಕಿ," ಎಂದರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಐದನೆಯ ದಿನ ಬೆಳಿಗ್ಗೆ ಮಾಮ ಅತ್ತೆಯ ಮುಖ ಒರೆಸುತ್ತ ಕೇಳಿದರು, "ಅಡಿಗಿ ಆತೇನು?" ಅತ್ತೆಯ ತುಟಿ ಒಂದು ಕಡೆಗೆ ಎಳೆಯಿತು. ಗಂಟಲಲ್ಲಿ ಏನೋ ಒದ್ದಾಡಿತು.

"ಆ... ಆಗಿಲ್ರೀ."

ಮಾಮ ಒದ್ದೆ ಟವೆಲು ಕೈಯಲ್ಲಿ ಹಿಡಿದೇ ವಾರ್ಡಿನ ಮಂಚ ಮಂಚಕ್ಕೂ ಹೋಗಿ ಹೇಳಿದರು:

"ಆಗಿಲ್ಲಂತ್ರೀ! ಇನ್ನಾ ಆಗಿಲ್ಲಂತ!"