ಟೈಲರ್ ಅತ್ತೆಯ ಕಣ್ಣಳತೆ

ಮದುವೆಗೆ ಇನ್ನು ನಾಲ್ಕೇ ದಿನ ಉಳಿದಿರುವಾಗ ಟೈಲರ್ ಅತ್ತೆ ಒಂದು ಘೋರ ಪ್ರತಿಜ್ಞೆ ಮಾಡಿದಳು. ಅಣ್ಣನ ಮಗಳಿಗಾಗಿ ಸೇರುವ ಹೆಂಗಸರ ಕೂಟದಲ್ಲಿ ಒಬ್ಬರೂ ಆಕಳಿಸಬಾರದು, ಒಬ್ಬರೂ ಮೊಬೈಲ್ ನೋಡುತ್ತಾ ಕೂರಬಾರದು. ಆಟ ಆಡಿಸುವ ಭಾರವೆಲ್ಲ ತನ್ನದು.

"ನೋಡ್ತಿರಿ ಅತ್ತಿಗೆ, ನಿಮ್ಮ ಬೀಗಿತ್ತಿ ಮನೆಗೆ ಹೋಗೋದನ್ನೇ ಮರೀತಾರೆ."

"ಅವರ ಮುಂದೆ ನನ್ನ ಮರ್ಯಾದೆ ಉಳಿಸು, ಅಷ್ಟು ಸಾಕು," ಎಂದಳು ಅತ್ತಿಗೆ.

ಮರ್ಯಾದೆಯ ವಿಷಯ ಟೈಲರ್ ಅತ್ತೆಗೆ ಹೇಳಬೇಕೆ? ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದಾಳೆ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಎದೆ ಇಷ್ಟು, ಸೊಂಟ ಇಷ್ಟು ಎಂದು ಅವಳ ಕಣ್ಣು ಲೆಕ್ಕ ಒಪ್ಪಿಸಿರುತ್ತದೆ. ಅಳತೆ ಟೇಪಿಗೆ ಕೆಲಸವಿಲ್ಲದೆ ಅದರಿಂದ ಅಂಗಡಿಯ ಕಿಟಕಿಯನ್ನು ಬಡಿದುಕೊಳ್ಳದಂತೆ ಬಿಗಿದು ಕಟ್ಟಿದ್ದಾಳೆ. ಮುಂದೆ ಬಿಗಿಯಾದರೆ ಬಿಚ್ಚಲಿಕ್ಕೆಂದು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುತ್ತಾರಲ್ಲ, ಅದನ್ನೂ ಬಿಡುವವಳಲ್ಲ. "ಅದೆಲ್ಲ ಧೈರ್ಯ ಇಲ್ಲದವರ ಕೆಲಸ," ಎನ್ನುತ್ತಾಳೆ. ಮದುಮಗಳು ಚರ್ಚಿಗೆ ತೊಡುವ ಬಿಳಿ ಗೌನನ್ನೂ ಹಾಗೆಯೇ ಹೊಲಿದು ಅಣ್ಣನ ಮನೆಯ ಬೀರುವಿನಲ್ಲಿ ತೂಗುಹಾಕಿದ್ದಳು. ಮದುವೆಯ ದಿನವೇ ನೋಡಬೇಕು ಎಂದು ಅಪ್ಪಣೆ ಬೇರೆ ಹೊರಡಿಸಿದ್ದಳು.

ಕೂಟದ ದಿನ ಅದೇ ಮನೆಯಲ್ಲಿ ಹದಿನೈದು ಜನ ಸೇರಿದರು. ಮೊದಲನೆಯ ಆಟ, ಮದುಮಗಳಿಗೆ ಚೀಟಿಯಲ್ಲಿ ಬುದ್ಧಿಮಾತು ಬರೆಯುವುದು. ಬುದ್ಧಿಮಾತು ಓದಿ ಮುಗಿಯುವಷ್ಟರಲ್ಲಿ ಮೂವರು ಆಕಳಿಸಿದರು, ನಾಲ್ವರು ಮೊಬೈಲ್ ತೆಗೆದರು. ಅತ್ತಿಗೆ ನಾದಿನಿಯನ್ನು ದುರುಗುಟ್ಟಿ ನೋಡಿದಳು.

ಟೈಲರ್ ಅತ್ತೆ ತಡಮಾಡದೆ ಬ್ರಹ್ಮಾಸ್ತ್ರ ತೆಗೆದಳು. ಅದು ಒಂದು ದೊಡ್ಡ ಸುರುಳಿ ಬಿಳಿ ರಿಬ್ಬನ್. "ಮದುಮಗಳ ಸೊಂಟದ ಸುತ್ತಳತೆ ಎಷ್ಟು? ಕಣ್ಣಲ್ಲೇ ಅಂದಾಜು ಮಾಡಿ ರಿಬ್ಬನ್ ಕತ್ತರಿಸಿ. ಮುಟ್ಟೋ ಹಾಗಿಲ್ಲ."

ಆಟ ಕಳೆಕಟ್ಟಿತು. ಬೀಗಿತ್ತಿ ಕತ್ತರಿಸಿದ ರಿಬ್ಬನ್ ಮದುಮಗಳನ್ನು ಎರಡು ಸುತ್ತು ಸುತ್ತಿತು. "ಇರಲಿ ಬಿಡಿ, ಇದರೊಳಗೆ ನಾನೂ ನನ್ನ ಸೊಸೆಯೂ ಒಟ್ಟಿಗೆ ಇರಬಹುದು," ಎಂದರು ಅವರು. ಎಲ್ಲರೂ ನಕ್ಕರು. ಅತ್ತಿಗೆಯ ಮುಖ ಅರಳಿತು.

ಅಜ್ಜಿಯ ಸರದಿ ಬಂತು. ಟೈಲರ್ ಅತ್ತೆಯ ಹೆತ್ತ ತಾಯಿ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಅವಳು ಸೀದಾ ಎದ್ದು ಹೋಗಿ ಮೊಮ್ಮಗಳನ್ನು ತಬ್ಬಿಕೊಂಡಳು.

"ಅಮ್ಮಾ, ಮುಟ್ಟಬಾರದು ಅಂತ ನಿಯಮ."

"ನನ್ನ ಮೊಮ್ಮಗಳನ್ನ ತಬ್ಬೋಕೆ ನಿನ್ನ ಅಪ್ಪಣೆ ಏನೇ?" ಎಂದು ಅಜ್ಜಿ ತೋಳಿನಲ್ಲೇ ಅಳೆದು ರಿಬ್ಬನ್ ಕತ್ತರಿಸಿದಳು. ಸುತ್ತಿ ನೋಡಿದರೆ ತುದಿಗೆ ತುದಿ ಸರಿಯಾಗಿ ಕೂತಿತು.

"ಅದೃಷ್ಟ," ಎಂದಳು ಟೈಲರ್ ಅತ್ತೆ. "ಈಗ ವಿದ್ಯೆ ನೋಡಿ." ಒಂದೇ ನೋಟ, ಒಂದೇ ಕತ್ತರಿ. ಗತ್ತಿನಿಂದ ಸುತ್ತಿದಳು. ತುದಿಗಳು ಸೇರಲಿಲ್ಲ. ನಡುವೆ ನಾಲ್ಕು ಬೆರಳು ಜಾಗ.

"ಉಸಿರು ಬಿಡೇ."

"ಬಿಟ್ಟಾಯ್ತು ಅತ್ತೆ. ಇನ್ನು ಬಿಟ್ರೆ ಪ್ರಾಣವೇ ಹೋಗುತ್ತೆ."

"ರಿಬ್ಬನ್ನೇ ಕುಗ್ಗಿರಬೇಕು," ಎಂದಳು ಟೈಲರ್ ಅತ್ತೆ. ಹಾಗೆನ್ನುವಾಗಲೇ ಬೀರುವಿನ ಕಡೆ ಅವಳ ಕಣ್ಣು ಹೋಯಿತು. ಅತ್ತಿಗೆಯ ಕಣ್ಣೂ ಅಲ್ಲಿಗೇ ಹೋಯಿತು.

"ಗೌನಿಗೆ ಅಳತೆ ತಗೊಂಡಿದ್ದೀಯ ತಾನೆ?"

ಟೈಲರ್ ಅತ್ತೆ ಎದ್ದು ಬೀರು ತೆರೆದಳು. ಗೌನು ಹೊರಗೆ ಬಂತು. ಮದುಮಗಳಿಗೆ ತೊಡಿಸಿ ನೋಡಿದರೆ ಸೊಂಟದ ಹತ್ತಿರ ಹುಕ್ಕು ಒಂದು ಕಡೆ, ಕೊಂಡಿ ಒಂದು ಕಡೆ. ಒಳಗೆ ಬಿಡಿಸಲು ಬಟ್ಟೆಯಿಲ್ಲ. ಮದುಮಗಳ ಕಣ್ಣು ತುಂಬಿತು. ಅವಳನ್ನು ನೋಡಿ ಟೈಲರ್ ಅತ್ತೆಯ ಕಣ್ಣೂ ತುಂಬಿತು. ಎತ್ತಿ ಆಡಿಸಿದ ಮಗು, ಅದರ ಮೈಯಳತೆ ತನಗೆ ಗೊತ್ತಿಲ್ಲವೆ ಎಂದು ಅವಳಿಗೆ ಬಹಳ ನಾಚಿಕೆಯಾಯಿತು.

"ಅಳಬೇಡ ಕಣೇ," ಎಂದಳು ಅಜ್ಜಿ ಮಗಳಿಗೆ. "ನಿನ್ನ ಕಣ್ಣಿಗೆ ಅವಳಿನ್ನೂ ಸ್ಕೂಲಿಗೆ ಹೋಗೋ ಹುಡುಗಿ. ಅವಳು ಬೇಕರಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು."

ಟೈಲರ್ ಅತ್ತೆ ಮೂಗು ಒರೆಸಿಕೊಂಡು ಗೌನಿನ ಎರಡೂ ಪಕ್ಕ ಬಿಚ್ಚಿದಳು. ಅಂಚಿನುದ್ದಕ್ಕೂ ಪುಟ್ಟ ಕುಣಿಕೆ ಹೊಲಿದು, ಅವುಗಳಲ್ಲಿ ರಿಬ್ಬನ್ ಹೆಣೆದು ಕಟ್ಟುವುದು, ಅಷ್ಟೇ ಉಳಿದಿದ್ದ ದಾರಿ. ಹದಿನೈದು ಜನಕ್ಕೂ ಸೂಜಿ ಹಂಚಿದಳು. ಬೀಗಿತ್ತಿ ಬೆರಳಿಗೆ ಚುಚ್ಚಿಕೊಂಡರೂ ಏಳಲಿಲ್ಲ. ಕತ್ತರಿಸಿದ ರಿಬ್ಬನ್ನುಗಳೆಲ್ಲ ಗೌನು ಸೇರಿದವು. ಸಂಜೆಯವರೆಗೆ ಒಬ್ಬರೂ ಆಕಳಿಸಲಿಲ್ಲ, ಮೊಬೈಲ್ ಎಲ್ಲಿಟ್ಟಿದ್ದೇವೆ ಎಂಬುದೂ ಯಾರಿಗೂ ನೆನಪಿರಲಿಲ್ಲ.

ಮದುವೆಯಲ್ಲಿ ಎಲ್ಲರ ಕಣ್ಣೂ ಆ ರಿಬ್ಬನ್ನಿನ ಮೇಲೆಯೇ. ಮರುವಾರ ಒಬ್ಬಾಕೆ ಅಂಗಡಿಗೆ ಬಂದಳು. "ನನಗೂ ಅದೇ ಥರದ್ದು ಹೊಲಿದುಕೊಡಿ. ನೀವು ಬರೀ ಕಣ್ಣಲ್ಲೇ ಅಳತೆ ತಗೋತೀರಂತೆ?"

"ಯಾರು ಹೇಳಿದ್ದು?" ಎಂದು ಟೈಲರ್ ಅತ್ತೆ ಟೇಪು ಬಿಚ್ಚಲು ಕಿಟಕಿಯತ್ತ ಹಾರಿದಳು. ಇಪ್ಪತ್ತೆರಡು ವರ್ಷದ ಗಂಟು, ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಹೇಳಿದಳು, "ಟೇಪು ಬರದಿದ್ರೆ ಬಿಡೇ. ಕರ್ಕೊಂಡು ಬಾ ಅವಳನ್ನ, ನಾನೇ ತಬ್ಬಿ ಹೇಳ್ತೀನಿ."